ಕಟ್ ತಪ್ಪಿದ ಮಗ, ಲೆಕ್ಕ ಕೇಳಿದ ಅಪ್ಪ

ಆಟವನ್ನೇ ನಂಬಿದ ಮಕ್ಕಳು, ಅವರ ಮನೆಯವರು ಧಾರವಾಡದಲ್ಲಿ ಸಲಹೆಗಾರಳಾದ ನನ್ನ ಹತ್ತಿರ ಬರುವುದು ಈಗ ಜಾಸ್ತಿ. ಆಟ ಬೇರೆ ಬೇರೆ, ಸಂಕಟ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಮಗ ಬೆಂಗಳೂರಲ್ಲಿ ಸೋದರಮಾವನ ಮನೆಯಲ್ಲಿದ್ದು ಗಾಲ್ಫ್ ಕಲಿತ, ಕ್ವಾಲಿಫೈಯಿಂಗ್ ಸ್ಕೂಲ್ ಅನ್ನುವ ಅರ್ಹತಾ ಟೂರ್ನಿ ದಾಟಿ ಪಿಜಿಟಿಐಗೆ, ಅಂದರೆ ಭಾರತದ ವೃತ್ತಿಪರ ಗಾಲ್ಫ್ ಟೂರ್‌ಗೆ ಬಂದ. ಇದು ಮೊದಲ ವರ್ಷ. ಟೂರ್ನಿ ನಾಲ್ಕು ದಿನದ್ದು, ಎರಡು ದಿನಕ್ಕೆ 36 ಹೋಲ್ (ಚೆಂಡು ಹಾಕುವ ಗುಳಿ) ಆದಮೇಲೆ ಕಟ್, ಅಂದರೆ ಹಿಂದುಳಿದವರು ಹೊರಗೆ. ಮೊದಲ 50 ಸ್ಥಾನದವರು, ಅವರ ಸಮಕ್ಕೆ ನಿಂತವರು ಮುಂದಕ್ಕೆ. ಉಳಿದವರಿಗೆ ಒಂದು ರೂಪಾಯಿಯೂ ಇಲ್ಲ, ಎಂಟ್ರಿ ಫೀ, ಬ್ಯಾಗ್ ಹೊರುವ ಕ್ಯಾಡಿ, ಲಾಡ್ಜ್ ಎಲ್ಲ ಕೈಯಿಂದಲೇ.

"ನಾಲ್ಕಡಿಯಿಂದ ಗುಳಿಗೆ ತಳ್ಳೋ ಪಟ್ ಮೇಡಂ, ನಿದ್ದೆಗಣ್ಣಲ್ಲೂ ಹಾಕ್ತೀನಿ. ಎರಡನೇ ದಿನ ಕೊನೇ ಹೋಲ್‌ನಲ್ಲಿ ಮಾತ್ರ ಅಮ್ಮನ ಬಳೆ ಕಣ್ಮುಂದೆ ಬರ್ತವೆ" ಅಂದ. ಬಳೆ ಅಡವಿಟ್ಟಿದ್ದು ಇವನ ಆಟಕ್ಕೇ.

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಮಗ ಕಟ್ ತಪ್ಪಿ ನಿಂತಿದ್ದ ಸ್ಥಾನ ಹಿಡಿದು ಅವರು ಕೇಳಿದ್ದು ಒಂದೇ: "68ನೇ ನಂಬರಿಗೆ ಎಷ್ಟು ಕೊಡ್ತಾರ?"

"ಏನೂ ಇಲ್ಲ ಅಪ್ಪ."

ಇಷ್ಟು ದಿನ ಏನೋ ಸ್ವಲ್ಪ ಬರುತ್ತಿದೆ ಅಂತಲೇ ಅವರು ತಿಳಿದಿದ್ದರು. ಮಗನೂ ಬಿಡಿಸಿ ಹೇಳಿರಲಿಲ್ಲ. ಬೈತಾರೆ ಅಂದುಕೊಂಡೆ. ಅವರು ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡು, ಮೆಲ್ಲಗೆ, "ತಮ್ಮಾ, ಕೋಲ್ಡ್ ಸ್ಟೋರೇಜ್‌ನ್ಯಾಗ ಮಾಲ್ ಇಡೂ ಮುಂದ ಎಲ್ಲೀತನಕಾ ಕಾಯಬೇಕು, ಎಷ್ಟು ಲುಕ್ಸಾನ್ ಆದ್ರ ಮಾರಿಬಿಡಬೇಕು ಅಂತ ಬರದ ಇಡ್ತೀನಿ. ನಿಂದ್ಯಾಕ ಬರೀಲಿಲ್ಲ ನಾವು?" ಅಂದರು.

ಅಲ್ಲೇ ಕಾಗದ ಕೊಟ್ಟೆ. ಸೀಸನ್ ಖರ್ಚು ಎಷ್ಟು, ಮನೆಯಿಂದ ಎಷ್ಟು, ಅವನು ಡ್ರೈವಿಂಗ್ ರೇಂಜ್‌ನಲ್ಲಿ (ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಜಾಗ) ಹೇಳಿಕೊಟ್ಟು ದುಡಿಯುವುದು ಎಷ್ಟು, ಬಳೆ ಬಿಡಿಸುವುದು ಯಾವಾಗ, ಎಲ್ಲ ಬರೆಸಿದೆ. ಹೊಸ ಸಾಲ ಬೇಡ. ಸೀಸನ್ ಮುಗಿಯುವವರೆಗೆ "ಬಿಡ್ತೀಯಾ?" ಅಂತ ಯಾರೂ ಕೇಳಬಾರದು. ವರ್ಷದ ಗಳಿಕೆ ಪಟ್ಟಿಯಲ್ಲಿ ಮೊದಲ 60ರೊಳಗೆ ಬಂದರೆ ಕಾರ್ಡ್, ಅಂದರೆ ಮುಂದಿನ ವರ್ಷ ಟೂರ್‌ನಲ್ಲಿ ಆಡುವ ಹಕ್ಕು, ಉಳಿಯುತ್ತೆ. ಇಲ್ಲದಿದ್ದರೆ ಕ್ವಾಲಿಫೈಯಿಂಗ್ ಸ್ಕೂಲ್ ಇನ್ನೊಂದೇ ಸಲ.

ಸಲಹೆಗಾರಳಾಗಿ ಕನಸಿಗೆ ಬೇಲಿ ಹಾಕಿದೆ ಅಂತ ಕೆಲವರು ನನ್ನ ಮೇಲೆ ಸಿಟ್ಟಾದರು. ಬಿಡದಿ ಹತ್ತಿರದ ಗಾಲ್ಫ್ ಆಟಗಾರ ಚಿಕ್ಕರಂಗಪ್ಪ ಬಡತನದಿಂದ ಬಂದು ಗೆಲ್ಲಲಿಲ್ವಾ ಅಂದರು. ಗೆದ್ದರು, ನನಗೂ ಹೆಮ್ಮೆ. ಆದರೆ ಗೆದ್ದವರನ್ನಷ್ಟೇ ತೋರಿಸಿ ಅಮ್ಮನ ಬಳೆ ಅಡವಿಟ್ಟ ಹುಡುಗನಿಗೆ "ನಂಬಿಕೆ ಇಡು" ಅನ್ನುವುದು ನನ್ನಿಂದಾಗಲ್ಲ. ಇವನ ಕೈ ನಡುಗಿಸಿದ್ದು ಆಟ ಅಲ್ಲ, ಕೊನೆ ಎಲ್ಲಿ ಅಂತ ಗೊತ್ತಿಲ್ಲದ ಸಾಲ.

ಆಮೇಲೆ ಒಮ್ಮೆ ಕಟ್ ದಾಟಿದ, ಮತ್ತೆ ತಪ್ಪಿದ. ಎರಡೂ ಸಲ ಅಪ್ಪನಿಗೆ ಫೋನ್ ಮಾಡಿ ಖರ್ಚು ಎಷ್ಟಾಯ್ತು ಅಂತ ಹೇಳಿದ್ದಾನೆ.