ಎಲ್ಲ ದೇಶಕ್ಕೂ ಒಂದೇ ಹಲಾಲ್ ಸರ್ಟಿಫಿಕೇಟ್ ಬರುವ ತನಕ ಉಪ್ಪಿನಕಾಯಿ ರಫ್ತಿಗೆ ಕಾಯಬೇಕಾ?

ಮಾವಿನಕಾಯಿ ಉಪ್ಪಿನಕಾಯಿ ಹೊರಗೆ ಕಳಿಸಬೇಕು, ಆದರೆ ಹಲಾಲ್ ನಿಯಮ ಎಲ್ಲ ಕಡೆ ಒಂದಾದರೆ ತಲೆನೋವು ಹೋಗುತ್ತದೆ, ಅಲ್ಲಿತನಕ ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ. ಒಂದು ಸರ್ಟಿಫಿಕೇಟ್ ಇದ್ದರೆ ಎಲ್ಲಾ ಕಡೆ ನಡೆಯುತ್ತದೆ ಅಂದುಕೊಂಡು ಕೈ ಸುಟ್ಟುಕೊಂಡವನು ನಾನು.

ಮಂಗಳೂರಿನ ಬೈಕಂಪಾಡಿಯಲ್ಲಿ ಬಾಳೆಕಾಯಿ ಚಿಪ್ಸ್ ಮಾಡುವ ಸಣ್ಣ ಕಂಪನಿ. ಎಕ್ಸ್‌ಪೋರ್ಟ್ ಕಾಗದಪತ್ರ ನನ್ನ ಕೆಲಸ. ದುಬೈಗೆ ನಾಲ್ಕು ವರ್ಷ ಮಾಲು ಕಳಿಸಿದ್ದೆವು, ತಕರಾರೇ ಇಲ್ಲ. ಆಮೇಲೆ ಮಲೇಷ್ಯಾ ಆರ್ಡರ್ ಬಂತು. ಅದೇ ಪೌಚು, ಅದೇ ಹಲಾಲ್ ಲೋಗೋ, ಅಲ್ಲಿಯ ಪೋರ್ಟ್ ಕ್ಲಾಂಗ್ ಬಂದರಿಗೆ ಹೊರಟಿತು. ಮಾಲು ಮುಟ್ಟಿದ ಮೇಲೆ ಖರೀದಿದಾರನ ಫೋನು: ಈ ಲೋಗೋ ಇಟ್ಟುಕೊಂಡು ಮಾರುವ ಹಾಗಿಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ಚಿಪ್ಸ್‌ನಲ್ಲಿದ್ದದ್ದು ಬಾಳೆಕಾಯಿ, ತೆಂಗಿನೆಣ್ಣೆ, ಉಪ್ಪು. ಮಲೇಷ್ಯಾದಲ್ಲಿ ಹೊರಗಿಂದ ಬರುವ ಮಾಂಸಕ್ಕೆ ಹಲಾಲ್ ಸರ್ಟಿಫಿಕೇಟ್ ಕಡ್ಡಾಯ, ಚಿಪ್ಸ್‌ಗೆ ಅಲ್ಲ. ಲೋಗೋ ಇಲ್ಲದೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ! ಆದರೆ ಹಲಾಲ್ ಅಂತ ಬರೆದ ಮೇಲೆ, ಅಲ್ಲಿಯ 2011ರ ಆದೇಶದ ಪ್ರಕಾರ, ಜಾಕಿಮ್ (ಮಲೇಷ್ಯಾ ಸರ್ಕಾರದ ಇಸ್ಲಾಮಿಕ್ ಇಲಾಖೆ) ಅಥವಾ ಜಾಕಿಮ್ ಒಪ್ಪಿದ ಸಂಸ್ಥೆಯೇ ಸರ್ಟಿಫಿಕೇಟ್ ಕೊಟ್ಟಿರಬೇಕು. ನಮಗೆ ಕೊಟ್ಟವರು ಆ ಪಟ್ಟಿಯಲ್ಲಿರಲಿಲ್ಲ. ನಾನು ತಾರೀಕು ನೋಡಿದೆ, ನಂಬರ್ ನೋಡಿದೆ, ಸೀಲು ನೋಡಿದೆ. ಕೊಟ್ಟವರನ್ನು ಅಲ್ಲಿ ಯಾರು ಒಪ್ಪುತ್ತಾರೆ ಅಂತ ನೋಡಲಿಲ್ಲ. ಪಟ್ಟಿ ಜಾಕಿಮ್ ವೆಬ್‌ಸೈಟಿನಲ್ಲೇ ಇತ್ತು, ಪುಕ್ಕಟೆ.

ಅಲ್ಲಿಯ ಗೋಡೌನಿನಲ್ಲಿ ಕೂಲಿ ಕೊಟ್ಟು ಒಂದೊಂದು ಪೌಚಿಗೂ ಲೋಗೋ ಮುಚ್ಚುವ ಹಾಗೆ ಸ್ಟಿಕರ್ ಹಾಕಿಸಿದೆವು. ಎಣ್ಣೆ ಜಿಡ್ಡಿಗೆ ಸ್ಟಿಕರ್ ನಿಲ್ಲಲಿಲ್ಲ. ಒರೆಸಿ ಮತ್ತೆ ಅಂಟಿಸಬೇಕಾಯಿತು. ಬಿಲ್ ನೋಡಿದ ಯಜಮಾನರು ಬೈಯಲೂ ಇಲ್ಲ. ಸುಮ್ನೆ ಒಂದು ಪೌಚ್ ನನ್ನ ಟೇಬಲ್ ಮೇಲಿಟ್ಟು ಹೋದರು.

ಇನ್ನು ನಿಯಮ ಒಂದಾದರೆ ತಲೆನೋವು ಹೋಗುತ್ತದೆ ಅನ್ನುವ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ಇಸ್ತಾಂಬುಲ್‌ನ ಸ್ಮಿಕ್, ಅಂದರೆ ಇಸ್ಲಾಮಿಕ್ ದೇಶಗಳಿಗೆ ಮಾನದಂಡ ಮಾಡುವ ಸಂಸ್ಥೆ, ಎಲ್ಲರಿಗೂ ಆಗಲಿ ಅಂತ 2011ರಲ್ಲೇ ಒಂದು ಹಲಾಲ್ ಮಾನದಂಡ ಬರೆದಿಟ್ಟಿದೆ. ಆದರೂ ಮಲೇಷ್ಯಾ ತನ್ನ ಹಲಾಲ್ ಮಾನದಂಡ ಎಂಎಸ್ 1500 ಬಿಟ್ಟಿಲ್ಲ, ಇಂಡೋನೇಷ್ಯಾ 2014ರಲ್ಲಿ ತನ್ನದೇ ಕಾನೂನು ಮಾಡಿತು. ಕೊಯ್ಯುವ ಮುಂಚೆ ಪ್ರಜ್ಞೆ ತಪ್ಪಿಸಲು ಕೋಳಿಗೆ ಕರೆಂಟ್ ಕೊಡಬಹುದಾ, ಎಸೆನ್ಸ್‌ನಲ್ಲಿ ಆಲ್ಕೋಹಾಲ್ ಎಷ್ಟಿರಬಹುದು ಅಂತ ಜಗಳ ಇದೆ, ನಿಜ. ನಿಮ್ಮ ಮಾವಿನಕಾಯಿಗೆ ಅದ್ಯಾವುದೂ ತಾಗುವುದಿಲ್ಲ ಅಲ್ವಾ? ಯಾರ ಸಹಿಯನ್ನು ಯಾರು ಒಪ್ಪುತ್ತಾರೆ ಅನ್ನುವುದೇ ಜಾಸ್ತಿ ಕಾಡುವುದು.

ಮೊದಲು ದೇಶ ಯಾವುದು ಅಂತ ಗಟ್ಟಿ ಮಾಡಿ. ಅಲ್ಲಿಯ ಪಟ್ಟಿ ತೆರೆದು, ಅದರಲ್ಲಿರುವ ಭಾರತದ ಸಂಸ್ಥೆಗೆ ಫೋನ್ ಮಾಡಿ. ಲೇಬಲ್ ಪ್ರಿಂಟಿಗೆ ಕೊಡುವುದು ಆಮೇಲೆ. ಆ ಲೋಗೋ ಹಾಕಿ ನಾವು ಮಾಡಿಸಿದ ಪೌಚಿನ ಪ್ರಿಂಟಿಂಗ್ ಸಿಲಿಂಡರ್ ಇವತ್ತಿಗೂ ಪ್ರಿಂಟರ್ ಹತ್ತಿರವೇ ಬಿದ್ದಿದೆ.