ನಮ್ಮ ಫಾದರ್ ಒಳ್ಳೆಯವರು, ಆದರೂ ಕೇಳಬೇಕೇ?

ಈ ಸಲ ಬಂದ ಮೂರು ಪತ್ರಗಳೂ ಚರ್ಚು ಮತ್ತು ಮಕ್ಕಳ ಬಗ್ಗೆಯೇ ಇವೆ. ಮಕ್ಕಳ ಹಕ್ಕುಗಳ ವಕೀಲೆಯಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗ ಭಾನುವಾರದ ಪೂಜೆಯಲ್ಲಿ ಪೀಠಸೇವೆ (ಪಾದ್ರಿಗೆ ನೆರವಾಗುವ ಕೆಲಸ) ಮಾಡುತ್ತಾನೆ. ಹೊರದೇಶದ ಚರ್ಚುಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಸುದ್ದಿ ಓದಿದ ಮೇಲೆ ಅವನನ್ನು ಕಳಿಸುವಾಗ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಫಾದರ್ ಒಳ್ಳೆಯವರು. ಮಕ್ಕಳ ಸುರಕ್ಷತೆಗೆ ಇಲ್ಲಿ ಏನು ವ್ಯವಸ್ಥೆ ಇದೆ ಎಂದು ಸಭೆಯಲ್ಲಿ ಕೇಳಿದ್ದಕ್ಕೆ, ‘ನಮ್ಮವರೇ ಹೀಗಂದರೆ ಹೊರಗಿನವರ ಕೈಗೆ ಕೋಲು ಕೊಟ್ಟ ಹಾಗೆ’ ಎಂದು ಹಿರಿಯರೊಬ್ಬರು ಬಾಯಿ ಮುಚ್ಚಿಸಿದರು. ನಾನು ಕೇಳಿದ್ದು ತಪ್ಪೇ? — ಒಬ್ಬ ತಾಯಿ, ಬೆಂಗಳೂರು

ಉತ್ತರ: ತಪ್ಪಲ್ಲ ತಾಯಿ. ಆ ಸಭೆಯಲ್ಲಿ ಯಾರಾದರೂ ಕೇಳಲೇಬೇಕಿದ್ದ ಪ್ರಶ್ನೆಯನ್ನು ನೀವು ಕೇಳಿದಿರಿ.

ಆ ಹಿರಿಯರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸೇರಿದಂತೆ ನಮ್ಮ ರಾಜ್ಯದಲ್ಲಿ ಚರ್ಚುಗಳ ಮೇಲೆ ನಡೆದ ದಾಳಿಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಚಿಕ್ಕ ಸಮುದಾಯ ತನ್ನ ಮನೆಯ ಮಾತು ಬೀದಿಗೆ ಬರಬಾರದೆಂದು ಅಂಜುವುದು ಸಹಜ. ಆದರೆ ಆ ಅಂಜಿಕೆಯ ಬೆಲೆಯನ್ನು ಮಗು ತೆರಬೇಕಾಗಿ ಬಂದಾಗ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶಗಳಲ್ಲಿ ಬೇಕಾದಷ್ಟು ದಾಖಲೆ ಇದೆ.

ಅಮೆರಿಕದ ಬೋಸ್ಟನ್ನಿನ ಒಂದು ಪತ್ರಿಕೆ 2002ರ ಜನವರಿಯಲ್ಲಿ ಅಲ್ಲಿನ ಮಹಾಧರ್ಮಪ್ರಾಂತ್ಯದ (ಹಲವು ಚರ್ಚುಗಳ ಆಡಳಿತ ವಲಯದ) ಕಡತಗಳನ್ನು ಬಯಲಿಗೆ ತಂದಿತು. ಪಾದ್ರಿಗಳು ತಪ್ಪು ಮಾಡಿದ್ದಕ್ಕಿಂತಲೂ ಜನರನ್ನು ಕೆರಳಿಸಿದ ಸಂಗತಿ ಒಂದಿತ್ತು: ಮೇಲಿನವರಿಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಅಂಥವರನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿದರು, ಹೊಸ ಊರಿನ ತಂದೆತಾಯಿಗೆ ಒಂದು ಮಾತೂ ಹೇಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಆ ಮಹಾಧರ್ಮಪ್ರಾಂತ್ಯದ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಅಮೆರಿಕದ ಧರ್ಮಾಧ್ಯಕ್ಷರೇ (ಬಿಷಪ್ಪರೇ) ಮಾಡಿಸಿದ ಅಧ್ಯಯನ 2004ರಲ್ಲಿ ಹೊರಬಂತು. 1950ರಿಂದ 2002ರವರೆಗೆ 4,392 ಪಾದ್ರಿಗಳ ಮೇಲೆ ಆರೋಪ ಬಂದಿತ್ತು, ದೌರ್ಜನ್ಯಕ್ಕೆ ಒಳಗಾದೆವೆಂದವರು ಹತ್ತು ಸಾವಿರಕ್ಕೂ ಹೆಚ್ಚು. ಆ ಅವಧಿಯ ಒಟ್ಟು ಪಾದ್ರಿಗಳಲ್ಲಿ ಆರೋಪಿತರ ಪಾಲು ಸುಮಾರು ಶೇ 4. ಅಂದರೆ ನೂರರಲ್ಲಿ ತೊಂಬತ್ತಾರು ಮಂದಿಯ ಮೇಲೆ ಯಾವ ಆರೋಪವೂ ಇರಲಿಲ್ಲ. ನಿಮ್ಮ ಫಾದರ್ ಒಳ್ಳೆಯವರೆಂಬ ನಿಮ್ಮ ಅಂದಾಜು ಸರಿಯೇ ಇರಬಹುದು. ಉಳಿದ ನಾಲ್ವರು ಅಷ್ಟು ಹಾನಿ ಮಾಡಲು ಸಾಧ್ಯವಾದದ್ದು ಮಾತ್ರ ಉಳಿದವರೆಲ್ಲ ಸುಮ್ಮನಿದ್ದುದರಿಂದ.

ಕೆಲವರು ಇದಕ್ಕೆಲ್ಲ ಬ್ರಹ್ಮಚರ್ಯವೇ ಕಾರಣ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮದುವೆಯಾದ ಪಾಸ್ಟರುಗಳೇ ಇರುವ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳಲ್ಲೂ ದೂರುಗಳನ್ನು ವರ್ಷಗಟ್ಟಲೆ ಅದುಮಿಟ್ಟದ್ದು 2022ರ ತನಿಖಾ ವರದಿಯಲ್ಲಿ ಹೊರಬಂತು. ಚರ್ಚ್ ಆಫ್ ಇಂಗ್ಲೆಂಡಿನ ಅತ್ಯುನ್ನತ ಪೀಠದಲ್ಲಿದ್ದ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಘೋಷಿಸಿದ್ದೂ ಇಂಥ ಹಳೆಯ ಪ್ರಕರಣವೊಂದರಲ್ಲಿ ಮಾಡಬೇಕಾದ್ದನ್ನು ಮಾಡಲಿಲ್ಲ ಎಂಬ ಕಾರಣಕ್ಕೆ. ನನಗೆ ಕಾಣುವಂತೆ ಎಲ್ಲ ಕಡೆಯೂ ಮೂರು ಸಂಗತಿ ಒಟ್ಟಿಗೆ ಇದ್ದವು: ಯಾರೂ ಪ್ರಶ್ನಿಸದ ಒಬ್ಬ ದೊಡ್ಡವರು, ಒಂಟಿಯಾಗಿ ಸಿಕ್ಕ ಮಗು, ತನ್ನ ತನಿಖೆಯನ್ನು ತಾನೇ ಮಾಡಿಕೊಂಡ ಸಂಸ್ಥೆ. ನಮ್ಮ ಮಠ, ಮದರಸಾ, ವಸತಿಶಾಲೆ, ಕ್ರೀಡಾ ತರಬೇತಿ ಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ. ಪಕ್ಕದ ಕೇರಳದ ಕೊಟ್ಟಿಯೂರಿನ ಪಾದ್ರಿಯೊಬ್ಬರಿಗೆ ಬಾಲಕಿಯ ಮೇಲಿನ ಅತ್ಯಾಚಾರಕ್ಕಾಗಿ 2019ರಲ್ಲಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ) ನ್ಯಾಯಾಲಯ 20 ವರ್ಷ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಅದನ್ನು ಬಳಿಕ ಇಳಿಸಿತು. ಇದು ಎಲ್ಲೋ ದೂರದ ದೇಶದ ಕಥೆ ಎನ್ನುವ ಹಾಗಿಲ್ಲ.

ಕನ್ನಡ ಕ್ರೈಸ್ತರು ದೇವರ ವಿಷಯಕ್ಕೆ ‘ವಿಶ್ವಾಸ’ ಎನ್ನುತ್ತಾರೆ. ಅದರಲ್ಲಿ ಪ್ರಶ್ನೆಗೆ ಎಷ್ಟು ಜಾಗ ಎಂಬುದು ನಿಮಗೆ ಬಿಟ್ಟದ್ದು. ಧರ್ಮಕೇಂದ್ರ ನಡೆಸುವ ಸಂಸ್ಥೆಯ ಮೇಲಿನ ನಂಬಿಕೆ ಬೇರೆ. ಅದನ್ನು ಸಂಸ್ಥೆ ನಿಮ್ಮಿಂದ ಕೇಳಿ ಪಡೆಯಲಾಗದು, ನಡೆದು ತೋರಿಸಬೇಕು. ಹಾಗಾಗಿ ಮುಂದಿನ ಸಭೆಯಲ್ಲಿ ಇನ್ನಷ್ಟು ಬಿಡಿಸಿ ಕೇಳಿ. ಪೂಜಾವಸ್ತ್ರ ತೊಡುವ ಕೋಣೆಯಲ್ಲಿ ಮಕ್ಕಳ ಜೊತೆ ಸದಾ ಇಬ್ಬರು ದೊಡ್ಡವರು ಇರುತ್ತಾರೆಯೇ, ಬಾಗಿಲು ತೆರೆದಿರುತ್ತದೆಯೇ? ಮಕ್ಕಳ ಪಾಪನಿವೇದನೆ (ಪಾದ್ರಿಯ ಬಳಿ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವುದು) ಎಲ್ಲರಿಗೂ ಕಾಣುವ ಕಡೆ ನಡೆಯುತ್ತದೆಯೇ? ಪ್ರವಾಸಕ್ಕೆ ಯಾರು ಹೋಗುತ್ತಾರೆ, ಎಲ್ಲಿ ಮಲಗುತ್ತಾರೆ? ಮಕ್ಕಳಿಗೆ ನೇರವಾಗಿ ವಾಟ್ಸ್‌ಆಪ್ ಮಾಡುವವರು ಯಾರು? ಮಕ್ಕಳೊಂದಿಗೆ ನಿತ್ಯ ಒಡನಾಡುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು ಎನ್ನುತ್ತವೆ 2020ರ ಪೋಕ್ಸೊ ನಿಯಮಗಳು. ಅದನ್ನು ಮಾಡಿಸಿದ್ದೀರಾ ಎಂದು ಕೇಳಿ. ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕೆಂದು ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲೇ ವಿಧಿಸಿದ್ದರು. ನಮ್ಮದು ಎಲ್ಲಿದೆ, ಯಾರನ್ನು ಕಾಣಬೇಕು ಎಂದು ಬರಹದಲ್ಲೇ ಕೇಳಿ ಸ್ವೀಕೃತಿ ಪಡೆಯಿರಿ. ಒಳ್ಳೆಯ ಫಾದರ್ ಇದಕ್ಕೆ ಬೇಸರಪಡುವುದಿಲ್ಲ. ಈ ನಿಯಮಗಳು ಅವರನ್ನೂ ಕಾಯುತ್ತವೆ.

ಮಗನಿಗೆ ಹೆದರಿಸುವ ಮಾತು ಬೇಡ. ‘ಅಮ್ಮನಿಗೆ ಹೇಳಬೇಡ ಅಂತ ಯಾರಾದರೂ ಅಂದರೆ, ಅದನ್ನೇ ಮೊದಲು ಬಂದು ಅಮ್ಮನಿಗೆ ಹೇಳು, ನಾನು ಬೈಯಲ್ಲ’ ಅನ್ನಿ. ಒಂದೇ ಸಲ ಅಲ್ಲ, ಆಗಾಗ ಅನ್ನಿ.

ಪ್ರಶ್ನೆ: ನಾನು ಭಾನುವಾರದ ಧರ್ಮೋಪದೇಶ ತರಗತಿಯ ಶಿಕ್ಷಕಿ. ಒಂದು ಮಗು ತನಗಾದದ್ದನ್ನು ನನ್ನಲ್ಲಿ ಹೇಳಿಕೊಂಡಿತು. ನಾನು ಕೂಡಲೇ ಚರ್ಚಿನ ಗುರುಗಳಿಗೆ (ಪಾದ್ರಿಗೆ) ತಿಳಿಸಿದೆ, ‘ನೋಡಿಕೊಳ್ಳುತ್ತೇವೆ’ ಎಂದರು. ನನ್ನ ಕೆಲಸ ಮುಗಿಯಿತೇ?

ಉತ್ತರ: ಇಲ್ಲ. ಈ ಸಾಲು ಓದಿ ಮುಗಿಸಿದ ತಕ್ಷಣ 1098 ಮಕ್ಕಳ ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಿ. ಇಲ್ಲವೇ ಹತ್ತಿರದ ಠಾಣೆಗೆ ಹೋಗಿ.

ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಗುರುಗಳಿಗೆ, ಮುಖ್ಯ ಶಿಕ್ಷಕರಿಗೆ, ಧರ್ಮಾಧ್ಯಕ್ಷರಿಗೆ ಹೇಳಿದರೆ ಕಾನೂನಿನ ಲೆಕ್ಕಕ್ಕೆ ಹೇಳಿದಂತಾಗಲಿಲ್ಲ. ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟ ನಿಮ್ಮ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಪಾಪನಿವೇದನೆಯ ಗುಟ್ಟಿನ ಪ್ರಶ್ನೆ ನಿಮ್ಮ ವಿಷಯದಲ್ಲಿ ಏಳುವುದೇ ಇಲ್ಲ, ಮಗು ಹೇಳಿದ್ದು ತರಗತಿಯಲ್ಲಿ. ಕೇಳಿದವರಿದ್ದಾರೆಂದು ಹೇಳುತ್ತೇನೆ: ಆ ಗುಟ್ಟನ್ನು ಚರ್ಚಿನ ಕಾನೂನು ಎಂದೂ ಒಡೆಯಬಾರದ್ದೆನ್ನುತ್ತದೆ, ಪೋಕ್ಸೊ ಕಾಯ್ದೆ ಮಾತ್ರ ಪಾದ್ರಿಗಳಿಗೆಂದು ಪ್ರತ್ಯೇಕ ವಿನಾಯಿತಿ ಬರೆದಿಲ್ಲ.

ಮಗುವನ್ನು ನೀವೇ ಮತ್ತೆ ಮತ್ತೆ ಕೇಳಬೇಡಿ. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಮನೆಗೋ ಅದಕ್ಕೆ ಒಗ್ಗುವ ಜಾಗಕ್ಕೋ ತಾವೇ ಹೋಗಬೇಕು, ರಾತ್ರಿ ಠಾಣೆಯಲ್ಲಿ ಕೂರಿಸಬಾರದು. ಮಗುವಿನ ಜೊತೆ ನಿಲ್ಲಲು ಸಹಾಯಕ ವ್ಯಕ್ತಿಯೊಬ್ಬರನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡಬಹುದು. ಇದನ್ನು ಕೇಳಿ ಪಡೆಯಿರಿ, ಎಷ್ಟೋ ಮನೆಯವರಿಗೆ ಇದು ಇದೆಯೆಂದೇ ಗೊತ್ತಿರುವುದಿಲ್ಲ. ಧರ್ಮಕೇಂದ್ರದ ವಾಟ್ಸ್‌ಆಪ್ ಗುಂಪಿನಲ್ಲಿ ಒಂದಕ್ಷರವೂ ಹಾಕಬೇಡಿ. ಮಗುವಿನ ಗುರುತು ಹೊರಬಿದ್ದರೆ ಅದೂ ಅಪರಾಧ. ಆಪಾದಿತರು ತಪ್ಪಿತಸ್ಥರೋ ಅಲ್ಲವೋ ಎಂಬುದು ನ್ಯಾಯಾಲಯದ ಕೆಲಸ, ನಿಮ್ಮದೂ ಅಲ್ಲ, ಗುರುಗಳದೂ ಅಲ್ಲ.

ಪ್ರಶ್ನೆ: ನನಗೀಗ ಮೂವತ್ತನಾಲ್ಕು. ಹತ್ತು ವರ್ಷದವನಿದ್ದಾಗ ಹಾಸ್ಟೆಲಿನಲ್ಲಿ ಧರ್ಮಸಂಘದ ಒಬ್ಬ ಬ್ರದರ್‌ನಿಂದ ಆದದ್ದನ್ನು ಹೆಂಡತಿಗೂ ಹೇಳಿಲ್ಲ. ಇಷ್ಟು ವರ್ಷ ಸುಮ್ಮನಿದ್ದವನ ಮಾತು ಯಾರು ನಂಬುತ್ತಾರೆ? ಕ್ಷಮಿಸಿಬಿಡು ಎನ್ನುತ್ತಾರೆ ಒಬ್ಬ ಹಿರಿಯರು.

ಉತ್ತರ: ನಾನು ನಂಬುತ್ತೇನೆ. ಆಸ್ಟ್ರೇಲಿಯಾದಲ್ಲಿ 2013ರಿಂದ 2017ರವರೆಗೆ ಕೆಲಸ ಮಾಡಿದ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತನಿಖಾ ಆಯೋಗವಾದ ರಾಯಲ್ ಕಮಿಷನ್ ಸಾವಿರಾರು ಬಾಧಿತರ ಮಾತು ಕೇಳಿತು. ಅವರು ಮೊದಲ ಬಾರಿ ಬಾಯಿಬಿಡಲು ಸರಾಸರಿ ಸುಮಾರು 24 ವರ್ಷ ತೆಗೆದುಕೊಂಡಿದ್ದರು. ನಿಮ್ಮ ಲೆಕ್ಕವೂ ಅಷ್ಟೇ ಆಗುತ್ತದೆ. ನಮ್ಮ ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೇ ಇದ್ದರು. ‘ಗಂಡುಹುಡುಗನಿಗೆ ಏನಾಗುತ್ತೆ’ ಎಂಬ ನಮ್ಮ ಮಾತೇ ಎಷ್ಟೋ ಜನರ ಬಾಯಿ ಕಟ್ಟಿದೆ.

ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಅದಕ್ಕಿಂತ ಹಿಂದಿನದಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ಅಂದಿನ ಭಾರತೀಯ ದಂಡಸಂಹಿತೆ ಇತ್ತು, ಗಂಭೀರ ಅಪರಾಧಗಳಿಗೆ ಅದರಡಿ ಕಾಲಮಿತಿ ಇಲ್ಲ. ಸಾಕ್ಷ್ಯ ಒದಗಿಸುವುದು ಕಷ್ಟ, ಸುಳ್ಳು ಭರವಸೆ ಕೊಡಲಾರೆ. ಆ ಬ್ರದರ್ ಈಗಲೂ ಮಕ್ಕಳ ನಡುವೆ ಇದ್ದರೆ ಆ ಒಂದು ಸಂಗತಿಯನ್ನು ಬೇಗ ಪೊಲೀಸರಿಗೆ ತಿಳಿಸಬೇಕು. ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಿ.

ಅದಕ್ಕೂ ಮೊದಲು ನಿಮಗೊಂದು ಆಸರೆ ಬೇಕು. 14416 ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳದಿದ್ದರೂ ನಡೆಯುತ್ತದೆ. ನೇರವಾಗಿ ಕಾಣಬೇಕೆನಿಸಿದರೆ ಬೆಂಗಳೂರಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಇದೆ. ಹೆಂಡತಿಗೆ ಯಾವಾಗ ಹೇಳುವುದು, ಹೇಳುವುದೋ ಬೇಡವೋ ಎಂಬುದನ್ನು ಅಲ್ಲಿ ಕೂತು ಯೋಚಿಸಬಹುದು.

ಕ್ಷಮೆಯ ವಿಷಯ. ಅದು ನೀವು ಕೊಡಬೇಕಾದ್ದು, ನಿಮ್ಮ ಕೈಯಿಂದ ಕಿತ್ತುಕೊಳ್ಳುವಂಥದ್ದಲ್ಲ. ನಾಳೆ ನೀವು ಕ್ಷಮಿಸಿದರೂ ದೂರು ಕೊಡುವ ಹಕ್ಕು ನಿಮ್ಮದಾಗಿಯೇ ಇರುತ್ತದೆ. ಎಂದೂ ಕ್ಷಮಿಸದಿದ್ದರೂ ನೀವು ಕೆಟ್ಟ ಕ್ರೈಸ್ತರಾಗುವುದಿಲ್ಲ. ಆ ಹಿರಿಯರು ಮತ್ತೆ ಆ ಮಾತೆತ್ತಿದರೆ, ಆ ಹಾಸ್ಟೆಲಿನಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ, ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಅವರನ್ನೇ ಕೇಳಿ.