‘ಆಗಿಹೋಯ್ತು ಸಾರ್’: ಸುಪಾರಿ ಕೇಸಿನ ಆರೋಪಿಗಳು ಯಾಕೆ ಒಪ್ಪಿಕೊಳ್ಳಲ್ಲ?

ಓದುಗರ ಪ್ರಶ್ನೆಗೆ ದಾವಣಗೆರೆಯ ಮನೋವೈದ್ಯರೊಬ್ಬರ ಉತ್ತರ

ಪ್ರಶ್ನೆ: ನಾನು ಹರಿಹರದ ನಿವೃತ್ತ ಶಿಕ್ಷಕಿ. ಜಮೀನಿನ ತಕರಾರಿನಲ್ಲಿ ನನ್ನ ತಮ್ಮನ ಕೊಲೆಯಾಯಿತು. ಸುಪಾರಿ ಕೊಟ್ಟು ಮಾಡಿಸಿದ್ದು ಅಂತ ಚಾರ್ಜ್‌ಶೀಟ್ ಆಗಿದೆ. ಐದು ಜನ ಆರೋಪಿಗಳು. ಮೊದಲನೆಯವನು ನಮಗೆ ದೂರದ ಸಂಬಂಧಿ. ಪ್ರತಿ ವಾಯಿದೆಗೂ ದಾವಣಗೆರೆ ಕೋರ್ಟಿಗೆ ಹೋಗಿ ಕೂರುತ್ತೇನೆ. ಮೊನ್ನೆ ಜಡ್ಜ್ ಸಾಹೇಬರು ಒಂದೊಂದೇ ಸಾಕ್ಷ್ಯ ಓದಿ ‘ಇದಕ್ಕೆ ಏನಂತೀರಿ?’ ಎಂದು ಕೇಳಿದರು. ಐವರೂ ‘ಸುಳ್ಳು’, ‘ಗೊತ್ತಿಲ್ಲ’ ಇಷ್ಟೇ ಅಂದರು. ಹೊರಗೆ ಬಂದಾಗ ಆ ಸಂಬಂಧಿ ನನ್ನನ್ನು ನೋಡಿ ‘ಅಕ್ಕಾ, ಆರಾಮಾ?’ ಅಂದ. ಇವರಿಗೆ ಒಳಗೆ ಏನೂ ಅನ್ನಿಸೋದೇ ಇಲ್ವಾ ಡಾಕ್ಟ್ರೇ?

ಉತ್ತರ: ಮೇಡಂ, ಆ ‘ಅಕ್ಕಾ, ಆರಾಮಾ?’ ನಿಮ್ಮ ನಿದ್ದೆ ಕೆಡಿಸಿದೆ ಅಂತ ಪತ್ರ ಓದಿದಾಗಲೇ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ಸುಳ್ಳು, ಗೊತ್ತಿಲ್ಲ’ದ ವಿಷಯ. ಅದರಲ್ಲಿ ಮನಸ್ಸಿಗಿಂತ ಕಾನೂನೇ ಜಾಸ್ತಿ.

ನೀವು ನೋಡಿದ್ದು ಆರೋಪಿಯ ಹೇಳಿಕೆ ಪಡೆಯುವ ಹಂತ. ಹಳೆಯ ಕಾನೂನಿನಲ್ಲಿ ಅದು ಕಲಂ 313 ಆಗಿದ್ದರಿಂದ ವಕೀಲರು ಇವತ್ತಿಗೂ ಅದನ್ನು ‘313 ಸ್ಟೇಟ್‌ಮೆಂಟ್’ ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಅದು ಕಲಂ 351. ಅಲ್ಲಿ ಆರೋಪಿಗೆ ಪ್ರಮಾಣ ಮಾಡಿಸುವುದಿಲ್ಲ. ಉತ್ತರ ಕೊಡದಿದ್ದರೂ, ಸುಳ್ಳು ಹೇಳಿದರೂ ಅದಕ್ಕೇ ಅಂತ ಶಿಕ್ಷೆ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡಬಾರದು ಎಂದು ಸಂವಿಧಾನದ 20(3)ನೇ ವಿಧಿಯೇ ಹೇಳುತ್ತದೆ. ಇನ್ನೊಂದು ಲೆಕ್ಕವೂ ಇದೆ. ಸಣ್ಣಪುಟ್ಟ ಕೇಸುಗಳಲ್ಲಿ ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ದಾರಿ ಉಂಟು. ಕೊಲೆ ಕೇಸಿಗೆ ಆ ದಾರಿ ಮುಚ್ಚಿದೆ. ಒಪ್ಪಿದರೂ ಕಡಿಮೆ ಅಂದರೆ ಜೀವಾವಧಿ. ಹಾಗಿರುವಾಗ ಯಾವ ವಕೀಲ ತಾನೇ ‘ಒಪ್ಪಿಕೋ’ ಅಂತ ಹೇಳಿಕೊಟ್ಟಾನು? ಏನೂ ಮಾಡದೆ ಸಿಕ್ಕಿಕೊಂಡವನೂ ಅದೇ ಕಟಕಟೆಯಲ್ಲಿ ಅದೇ ಎರಡು ಮಾತು ಹೇಳುತ್ತಾನೆ. ಹಾಗಾಗಿ ಆ ಮಾತಿನಿಂದ ಅವರ ಎದೆಯೊಳಗೆ ಏನಿದೆ ಅಂತ ಅಳೆಯಲು ಹೋಗಬೇಡಿ.

ನಿಮ್ಮ ನಿಜವಾದ ಪ್ರಶ್ನೆ ಬೇರೆ. ಜಡ್ಜೂ ಇಲ್ಲ, ವಕೀಲರೂ ಇಲ್ಲ, ರಾತ್ರಿ ಬ್ಯಾರಕ್ಕಿನಲ್ಲಿ ಒಬ್ಬನೇ ಮಲಗಿದಾಗ ಅವನು ತನಗೆ ತಾನು ಏನು ಹೇಳಿಕೊಳ್ಳುತ್ತಾನೆ? ನಿಮ್ಮ ಕೇಸಿನ ಐವರು ನನಗೆ ಗೊತ್ತಿಲ್ಲ. ತೀರ್ಪೂ ಬಂದಿಲ್ಲ. ಆದ್ದರಿಂದ ಇಂಥದ್ದನ್ನು ನಿಜವಾಗಿ ಮಾಡಿದವರ ಬಗ್ಗೆ ಮಾತ್ರ ಹೇಳುತ್ತೇನೆ.

ಸುಪಾರಿ ಅನ್ನುವ ಪದವನ್ನೇ ನೋಡಿ. ಅದರ ಅರ್ಥ ಅಡಿಕೆ. ನಮ್ಮ ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆ ಅಂದರೆ ಅನ್ನ. ಮದುವೆ ಮಾತುಕತೆಗೂ ಅಡಿಕೆ ಬೇಕು, ದೇವರಿಗೂ ಬೇಕು. ನಮ್ಮ ಹಳೆಯ ಕಾವ್ಯಗಳಲ್ಲಿ ರಣವೀಳ್ಯ ಅಂತ ಬರುತ್ತದಲ್ಲ? ತುಂಬಿದ ಸಭೆಯಲ್ಲಿ, ಎಲ್ಲರ ಕಣ್ಣೆದುರು, ರಾಜ ವೀಳ್ಯ ಕೊಡುತ್ತಾನೆ. ತೆಗೆದುಕೊಂಡವನು ‘ಈ ಕೆಲಸ ನನ್ನದು’ ಅಂತ ಒಪ್ಪಿಕೊಂಡ ಹಾಗೆ. ಈಗಿನ ಸುಪಾರಿ ಇದಕ್ಕೆ ಪೂರ್ತಿ ತಿರುವುಮುರುವು. ಕಾರಿನ ಗಾಜು ಏರಿಸಿಕೊಂಡು, ಮೂರನೆಯವನ ಕೈಯಲ್ಲಿ ಅಡ್ವಾನ್ಸ್ ಕೊಡುತ್ತಾರೆ. ಕೊಟ್ಟವನದೂ ಅಲ್ಲ, ತೆಗೆದುಕೊಂಡವನದೂ ಅಲ್ಲ ಅನ್ನುವ ಹಾಗೆ ಆ ಕೆಲಸ ನಡೆಯಬೇಕು. ಆ ದುಡ್ಡಿಗೆ ಕೊಂಡುಕೊಳ್ಳುವುದು ಒಂದು ಜೀವವನ್ನು ಮಾತ್ರ ಅಲ್ಲ, ‘ನಾನು ಅಲ್ಲಿರಲಿಲ್ಲ’ ಅನ್ನುವ ಮಾತನ್ನೂ. ಹಾಗಾಗಿ ಇಂಥ ಕೇಸಿನಲ್ಲಿ ‘ಅಲ್ಲ’ ಅನ್ನುವುದು ಕೋರ್ಟಿನಲ್ಲಿ ಹುಟ್ಟಿದ್ದಲ್ಲ. ದುಡ್ಡು ಎಣಿಸಿದ ದಿನವೇ ಹುಟ್ಟಿದ್ದು.

ಸರಪಳಿ ಹೇಗಿರುತ್ತದೆ ಅಂತ ನಿಮಗೆ ಚಾರ್ಜ್‌ಶೀಟ್ ಓದಿಯೇ ಗೊತ್ತು. ಹೇಳಿದವನು ಒಬ್ಬ. ‘ಹುಡುಗರಿದಾರೆ ಬಿಡಣ್ಣ’ ಅಂದ ಮಧ್ಯಸ್ಥ ಒಬ್ಬ. ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ ಅಂತ ನೋಡಿಕೊಂಡು ಫೋನ್ ಮಾಡಿದವನು ಒಬ್ಬ. ಬೈಕ್ ಓಡಿಸಿದವನು, ಮಚ್ಚು ಹಿಡಿದವನು. ಒಬ್ಬೊಬ್ಬನನ್ನೇ ಕೂರಿಸಿ ಕೇಳಿ. ‘ನಾನು ಬರೀ ಫೋನ್ ಮಾಡಿದೆ ಸಾರ್.’ ‘ನಾನು ಬರೀ ಗಾಡಿ ಓಡಿಸಿದೆ.’ ಮಚ್ಚು ಹಿಡಿದವನನ್ನು ಕೇಳಿದರೆ ‘ಹೇಳಿದ್ದು ಅವರು, ನಂಗೇನು ಅವನ ಮೇಲೆ ದ್ವೇಷ ಇತ್ತಾ?’ ಅಂತಾನೆ. ಹೇಳಿದವನನ್ನು ಕೇಳಿದರೆ ‘ನಾನು ಬುದ್ಧಿ ಕಲಿಸಿ ಅಂದಿದ್ದೆ, ಅವರು ಹೀಗೆ ಮಾಡ್ತಾರೆ ಅಂತ ಯಾರಿಗೆ ಗೊತ್ತಿತ್ತು.’ ಒಂದು ಇಡೀ ಕೊಲೆ ಐದು ಪಾಲಾಗಿ ಹಂಚಿಹೋಗಿರುತ್ತದೆ. ಯಾರ ಪಾಲಿಗೂ ಕೊಲೆ ಅನ್ನುವಷ್ಟು ಬಂದಿರುವುದಿಲ್ಲ.

ಇದು ಕೆಟ್ಟವರ ಮನಸ್ಸು ಮಾತ್ರ ಅಂದುಕೊಳ್ಳಬೇಡಿ. 1960ರ ದಶಕದ ಮೊದಲಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ ಮಾಡಿದ ಪ್ರಯೋಗ ನಿಮ್ಮ ಬಿ.ಎಡ್. ಪುಸ್ತಕದಲ್ಲೂ ಇದ್ದಿರಬಹುದು. ಪಕ್ಕದ ಕೋಣೆಯಲ್ಲಿರುವ ಮನುಷ್ಯನಿಗೆ ತಪ್ಪು ಉತ್ತರಕ್ಕೊಂದು ಕರೆಂಟ್ ಶಾಕ್ ಕೊಡಬೇಕು. ಶಾಕ್ ನಿಜವಲ್ಲ, ಆದರೆ ಸ್ವಿಚ್ ಒತ್ತುವವನಿಗೆ ಅದು ಗೊತ್ತಿಲ್ಲ. ಹೆಸರಾದ ಮೊದಲ ಸುತ್ತಿನಲ್ಲಿ 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಇದು ಎಲ್ಲರಿಗೂ ಗೊತ್ತಿರುವ ಭಾಗ. ನಮಗೆ ಬೇಕಾದದ್ದು ಅಷ್ಟು ಗೊತ್ತಿಲ್ಲದ ಇನ್ನೆರಡು ಸುತ್ತು. ಎದುರಿಗಿದ್ದವನ ಕೈ ಹಿಡಿದು ತಾನೇ ಪ್ಲೇಟಿನ ಮೇಲೆ ಒತ್ತಿ ಶಾಕ್ ಕೊಡಬೇಕಾದಾಗ 40ರಲ್ಲಿ 12 ಜನ ಮಾತ್ರ ಕೊನೆವರೆಗೂ ಹೋದರು. ಸ್ವಿಚ್ ಒತ್ತುವುದು ಬೇರೆಯವನು, ತಾನು ಪಕ್ಕದಲ್ಲಿ ಕೂತು ಬೇರೆ ಕೆಲಸ ಮಾಡಿದರೆ ಸಾಕು ಅಂದಾಗ? 40ರಲ್ಲಿ 37. ಅವರೆಲ್ಲ ದಿನಾ ಕೆಲಸಕ್ಕೆ ಹೋಗಿ ಬರುವ ನಮ್ಮಂಥ ಜನ. ‘ಕೈ ನನ್ನದಲ್ಲ’ ಅನ್ನುವುದು ಎಂಥ ದೊಡ್ಡ ಸಮಾಧಾನ ನೋಡಿ.

ನೀವು ಕನ್ನಡ ಮೇಷ್ಟ್ರಾಗಿದ್ದಿರೋ ಇಲ್ವೋ ಗೊತ್ತಿಲ್ಲ, ಆದರೆ ಇದನ್ನು ಹೇಳದೆ ಇರಲಾರೆ. ಈ ಸಮಾಧಾನಕ್ಕೆ ನಮ್ಮ ವ್ಯಾಕರಣವೇ ಮೆಟ್ಟಿಲು ಕಟ್ಟಿಕೊಟ್ಟಿದೆ. ‘ಕೊಂದೆ.’ ಒಂದು ಮೆಟ್ಟಿಲು ಇಳಿದರೆ ‘ಕೊಲ್ಲಿಸಿದೆ.’ ಆ ‘ಇಸು’ ಪ್ರತ್ಯಯದ ಹಿಂದೆ ಒಬ್ಬ ಮನುಷ್ಯ ಆರಾಮಾಗಿ ಅಡಗಿ ಕೂರಬಹುದು. ಇನ್ನೊಂದು ಮೆಟ್ಟಿಲು, ‘ಅವನಿಗೊಂದು ಗತಿ ಕಾಣಿಸಿ ಅಂದಿದ್ದೆ ಅಷ್ಟೇ.’ ಇನ್ನೂ ಕೆಳಗೆ, ‘ಕೆಲಸ ಮುಗೀತಾ?’ ಕಟ್ಟಕಡೆಗೆ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು: ‘ಏನೋ ಆಗಬಾರದ್ದು ಆಗಿಹೋಯ್ತು ಸಾರ್.’ ಮಳೆ ಬಂದು ಗೋಡೆ ಬಿದ್ದ ಹಾಗೆ. ಮಾಡಿದವನೇ ಇಲ್ಲ. ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನೇ ವಿವರವಾಗಿ ಬರೆದಿದ್ದಾರೆ. ಮನುಷ್ಯ ತನ್ನ ಮನಸ್ಸಾಕ್ಷಿಯನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ, ಒಂದು ಕೆಲಸದ ಮಟ್ಟಿಗೆ ಅದರ ವೈರ್ ಕಿತ್ತು ಇಡುತ್ತಾನೆ. ಮೆತ್ತಗಿನ ಪದ ಬಳಸುವುದು ಅದಕ್ಕೆ ಮೊದಲ ಉಪಾಯ.

ಎರಡನೆಯ ಉಪಾಯ ನಿಮಗೆ ಕಹಿಯಾಗುತ್ತದೆ. ಸತ್ತವನ ಮೇಲೆ ತಪ್ಪು ಹಾಕುವುದು. 1957ರಲ್ಲೇ ಸೈಕ್ಸ್ ಮತ್ತು ಮಾಟ್ಜಾ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು, ತಪ್ಪು ಮಾಡಿದವರು ಹೇಳಿಕೊಳ್ಳುವ ಸಬೂಬುಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಅದರಲ್ಲೊಂದು ‘ಅವನು ಅದಕ್ಕೇ ಲಾಯಕ್ಕಾಗಿದ್ದ’ ಅನ್ನುವುದು. ಇನ್ನೊಂದು ‘ಮನೆತನಕ್ಕೋಸ್ಕರ ಮಾಡಿದೆ’. ಕ್ರಾಸ್ ಎಕ್ಸಾಮಿನೇಷನ್‌ನಲ್ಲಿ ನಿಮ್ಮ ತಮ್ಮನ ಬಗ್ಗೆ ಇಲ್ಲಸಲ್ಲದ್ದು ಕೇಳಿದ್ದರೆ ಅದರಲ್ಲಿ ಅರ್ಧ ವಕೀಲರ ತಂತ್ರ. ಉಳಿದರ್ಧ ಆರೋಪಿಯೇ ತನ್ನ ನೆಮ್ಮದಿಗೆ ಕಟ್ಟಿಕೊಂಡ ಕತೆ ಇರಬಹುದು. ನಾನು ಗಮನಿಸಿದ ಒಂದು ವಿಚಿತ್ರ ಅಂದರೆ, ಕಡಿಮೆ ದುಡ್ಡು ಸಿಕ್ಕವರು, ಅಡ್ವಾನ್ಸ್ ಬಿಟ್ಟು ಬೇರೇನೂ ಕೈಗೆ ಬಾರದವರು, ಸತ್ತವನನ್ನು ಜಾಸ್ತಿ ಬೈಯುತ್ತಾರೆ. ಲಕ್ಷಗಟ್ಟಲೆ ಸಿಕ್ಕಿದ್ದರೆ ‘ದುಡ್ಡಿಗಾಗಿ ಮಾಡಿದೆ’ ಅಂತ ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಚಿಲ್ಲರೆಗೆ ಒಂದು ಜೀವ ತೆಗೆದೆ ಅಂತ ಹೇಗೆ ಹೇಳಿಕೊಳ್ಳುವುದು? ಆಗ ಸತ್ತವನನ್ನು ರಾಕ್ಷಸ ಮಾಡಲೇಬೇಕು. ಇದು ನನ್ನ ಅನಿಸಿಕೆ, ಲೆಕ್ಕ ಹಾಕಿ ಹೇಳಿದ್ದಲ್ಲ.

ಮೂರನೆಯದು ಕಾಲ. ಸೆಷನ್ಸ್ ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟು ದಿನ ಒಂದೇ ಕತೆಯನ್ನು ಹೆಂಡತಿಗೆ, ವಕೀಲರಿಗೆ, ಪಕ್ಕದ ಕೈದಿಗೆ ಹೇಳುತ್ತಾ ಹೋದರೆ ನೆನಪೇ ಆ ಕತೆಯ ಆಕಾರಕ್ಕೆ ಬಗ್ಗುತ್ತದೆ. ನೆನಪು ಅನ್ನುವುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ತೆಗೆದಾಗಲೆಲ್ಲ ಸ್ವಲ್ಪ ತಿದ್ದಿ ಮತ್ತೆ ಇಡುತ್ತೇವೆ. ಮೊದಲ ವರ್ಷ ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದನ್ನು ನಾಲ್ಕನೇ ವರ್ಷ ಅರ್ಧ ನಂಬಿಕೊಂಡೇ ಹೇಳುವವರಿದ್ದಾರೆ.

ಈಗ ‘ಅಕ್ಕಾ, ಆರಾಮಾ?’ ನಿಮಗೆ ಅದು ಅಣಕ ಅನ್ನಿಸಿತು. ಇರಬಹುದು. ಆದರೆ ತಾನು ಇನ್ನೂ ಹಳೆಯ ಸಂಬಂಧಿಯೇ, ಬೇರೇನೂ ಆಗಿಲ್ಲ ಅಂತ ಅವನು ತನಗೇ ತೋರಿಸಿಕೊಂಡಿರಲೂಬಹುದು. ನೀವು ‘ಹೂಂ’ ಅಂದಿದ್ದರೆ ಅವನಿಗೆ ಒಂದು ವಾರದ ನೆಮ್ಮದಿ ಸಿಗುತ್ತಿತ್ತು. ಇನ್ನು ಮುಂದೆ ಉತ್ತರ ಕೊಡಬೇಕಾಗಿಲ್ಲ. ಮುಖ ತಿರುಗಿಸಿ ನಡೆದರೆ ಅದು ಸಂಸ್ಕಾರ ಬಿಟ್ಟ ಹಾಗಲ್ಲ.

ಅವನು ಒಂದು ದಿನ ‘ತಪ್ಪಾಯ್ತು ಅಕ್ಕ’ ಅಂತಾನೆ ಅಂತ ಕಾಯುತ್ತಿದ್ದೀರಿ ಅನ್ನಿಸಿತು. ಆ ಮಾತು ಬಾರದೇ ಇರಬಹುದು. ಕೇಸಿಗೆ ಆ ಮಾತು ಬೇಕಾಗಿಯೂ ಇಲ್ಲ. ಒಳಸಂಚನ್ನು ಕೋರ್ಟು ಸಾಮಾನ್ಯವಾಗಿ ಫೋನ್ ಕರೆಗಳ ವಿವರ, ದುಡ್ಡು ಕೈ ಬದಲಾದ ದಾರಿ, ಯಾರು ಯಾವತ್ತು ಎಲ್ಲಿದ್ದರು ಅನ್ನುವುದರಿಂದಲೇ ನೋಡುತ್ತದೆ. ಸರ್ಕಾರಿ ವಕೀಲರ ಜೊತೆ ನೆರವಿಗೆ ನಿಮ್ಮ ಕಡೆಯಿಂದಲೂ ಒಬ್ಬ ವಕೀಲರನ್ನು ಇಡಲು ಕೋರ್ಟಿನ ಅನುಮತಿ ಕೇಳಬಹುದು. ಖುಲಾಸೆಯಾದರೆ ಮೇಲ್ಮನವಿಯ ಹಕ್ಕೂ ನೊಂದವರ ಕಡೆಗೆ ಇದೆ. ಇಲ್ಲಿ ನಿಮ್ಮ ಶಕ್ತಿ ಖರ್ಚು ಮಾಡಿ. ಅವನ ಮುಖ ಓದುವುದರಲ್ಲಿ ಬೇಡ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೇನೆ. ಇಂಥ ಆರೋಪಿಗಳಿಗೆ ಸುಮ್ನೆ ನಾರ್ಕೋ ಟೆಸ್ಟ್ ಮಾಡಿಸಿಬಿಟ್ಟರೆ ಆಗಲ್ವಾ? ಮುಖ ನೋಡಿದರೇ ಸುಳ್ಳು ಗೊತ್ತಾಗುತ್ತದೆ ಅಂತಲೂ ಟಿವಿಯಲ್ಲಿ ಹೇಳುತ್ತಾರಲ್ಲ?

ಉತ್ತರ: ಕಾನೂನು ಓದುವವರೇ ಹೀಗೆ ಕೇಳಿದರೆ ಹೇಗಪ್ಪಾ? ನಮ್ಮ ರಾಜ್ಯದ ಹೆಸರೇ ಇರುವ ತೀರ್ಪು ಅದು: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಮೂರೂ ಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಆಡಿದ ಮಾತೇ ಸಾಕ್ಷ್ಯ ಆಗುವುದಿಲ್ಲ. ಅದರ ಸುಳಿವು ಹಿಡಿದು ಹೋಗಿ ಏನಾದರೂ ವಸ್ತು ಸಿಕ್ಕರೆ ಆ ಮಾತು ಬೇರೆ. ವೈದ್ಯನಾಗಿ ಹೇಳುವುದಾದರೆ, ನಾರ್ಕೋದಲ್ಲಿ ಕೊಡುವ ಔಷಧಿಯ ಮಂಪರಿನಲ್ಲಿ ಬರುವುದು ಸತ್ಯವಲ್ಲ, ಮಾತು. ನಿಜ, ಕಲ್ಪನೆ, ಕೇಳುವವನು ಬಾಯಿಗೆ ತುರುಕಿದ್ದು ಎಲ್ಲ ಸೇರಿ ಬರುತ್ತದೆ.

ಮುಖ ನೋಡಿ ಹೇಳುವ ವಿಷಯ: ನೂರಾರು ಪ್ರಯೋಗಗಳನ್ನು ಒಟ್ಟು ಮಾಡಿ 2006ರಲ್ಲಿ ಬಾಂಡ್ ಮತ್ತು ಡಿಪಾಲೋ ಎಂಬ ಸಂಶೋಧಕರು ನೋಡಿದಾಗ, ಸುಳ್ಳು ನಿಜ ಬೇರೆ ಮಾಡುವುದರಲ್ಲಿ ಜನ ಸರಿಯಾಗಿದ್ದದ್ದು ಸರಾಸರಿ ಶೇ 54. ನಾಣ್ಯ ಚಿಮ್ಮಿದರೆ ಶೇ 50 ಬರುತ್ತದೆ. ಟಿವಿಯವರಿಗೆ ನಾಣ್ಯ ಚಿಮ್ಮುವುದಕ್ಕಿಂತ ಇದು ಚೆಂದ ಕಾಣಿಸುತ್ತೆ, ಅಷ್ಟೇ.

ಪ್ರಶ್ನೆ: ಹಿರಿಯೂರು ಕಡೆಯವಳು. ನನ್ನ ಗಂಡ ಇಂಥದ್ದೇ ಒಂದು ಕೇಸಿನಲ್ಲಿ ಎ3, ಅಂದರೆ ಮೂರನೇ ಆರೋಪಿ. ಜೈಲಿಗೆ ಸೇರಿ ಎರಡು ವರ್ಷ. ‘ನಾನು ಕೈಸಾಲ ಕೊಟ್ಟಿದ್ದು, ಅವರು ಏನು ಮಾಡಿದರೋ ನಂಗೊತ್ತಿಲ್ಲ’ ಅಂತಾರೆ. ಒಂದು ದಿನ ನಂಬುತ್ತೇನೆ, ಒಂದು ದಿನ ಇಲ್ಲ. ಎಂಟನೇ ಕ್ಲಾಸಿನ ಮಗ ‘ಅಪ್ಪ ಮಾಡಿದ್ದು ನಿಜಾನಾ?’ ಅಂತ ಕೇಳಿದ. ಏನು ಹೇಳಲಿ?

ಉತ್ತರ: ತಾಯೀ, ಮೊದಲು ಮಗನಿಗೆ. ‘ಅಪ್ಪ ಅಂಥೋರಲ್ಲ’ ಅಂತ ಆಣೆ ಹಾಕಬೇಡಿ. ‘ಹೌದು’ ಅಂತಲೂ ಹೇಳಬೇಡಿ. ‘ನಂಗೆ ಗೊತ್ತಿಲ್ಲ ಕಣೋ, ಕೋರ್ಟಿನವರು ನೋಡ್ತಿದಾರೆ, ಗೊತ್ತಾದಾಗ ನಾನೇ ಹೇಳ್ತೀನಿ’ ಅನ್ನಿ. ಎಂಟನೇ ಕ್ಲಾಸಿನ ಹುಡುಗ ಇದನ್ನು ತಡೆದುಕೊಳ್ಳುತ್ತಾನೆ. ಬೇರೆಯವರ ಫೋನಿನಲ್ಲಿ ಓದಿ ತಿಳಿದುಕೊಂಡರೆ ತಡೆದುಕೊಳ್ಳುವುದು ಕಷ್ಟ. ಶಾಲೆಯಲ್ಲಿ ನಂಬಿಕೆಯ ಒಬ್ಬ ಮೇಷ್ಟ್ರಿಗೆ ವಿಷಯ ತಿಳಿಸಿಡಿ.

ನಿಮ್ಮ ವಿಷಯ. ಒಂದು ದಿನ ನಂಬಿ ಒಂದು ದಿನ ಬಿಡುವುದು ಚಂಚಲತೆ ಅಲ್ಲ. ನಿಮ್ಮ ಕೈಯಲ್ಲಿರುವ ಮಾಹಿತಿಯೇ ಅಷ್ಟು. ಅವರು ಹೇಳುವುದು ನಿಜವೂ ಇರಬಹುದು. ಮಧ್ಯದಲ್ಲಿ ದುಡ್ಡು ಓಡಾಡಿದ ಮಾತ್ರಕ್ಕೆ ಎಲ್ಲ ಗೊತ್ತಿತ್ತು ಅಂತಲ್ಲ, ಅದನ್ನು ಸರ್ಕಾರದ ಕಡೆಯವರು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅಥವಾ ‘ಏನೋ ಸರಿ ಇಲ್ಲ’ ಅಂತ ಅವತ್ತು ಅನ್ನಿಸಿದ್ದರೂ ಕೇಳದೆ ಕೊಟ್ಟಿರಬಹುದು. ಕೇಳದೆ ಇರುವುದೂ ಒಂದು ಬಗೆಯ ‘ಗೊತ್ತಿಲ್ಲ’ವೇ. ಯಾವುದು ಅಂತ ತೀರ್ಮಾನ ಮಾಡುವ ಕೆಲಸ ನಿಮ್ಮದಲ್ಲ. ಹೆಂಡತಿ ಅಂತ ಅದನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಜೈಲಿನ ಭೇಟಿಯಲ್ಲಿ ಅವರನ್ನು ಅಡ್ಡ ಪ್ರಶ್ನೆ ಹಾಕಿ ಬಾಯಿ ಬಿಡಿಸಲು ಹೋಗಬೇಡಿ. ಆ ಹತ್ತು ನಿಮಿಷದಲ್ಲಿ, ಸುತ್ತ ಜನ ಇರುವಾಗ, ಯಾರೂ ಸತ್ಯ ಹೇಳುವುದಿಲ್ಲ. ಹೇಳಿದರೂ ಅದನ್ನು ಇಟ್ಟುಕೊಂಡು ನೀವೇನು ಮಾಡುತ್ತೀರಿ? ಏನಾದರೂ ಹೇಳುವುದಿದ್ದರೆ ವಕೀಲರ ಹತ್ತಿರ ಹೇಳಲಿ. ಮಾಫಿ ಸಾಕ್ಷಿ, ಅಂದರೆ ಕ್ಷಮೆ ಪಡೆದು ಉಳಿದ ಆರೋಪಿಗಳ ವಿರುದ್ಧ ಸಾಕ್ಷಿ ಹೇಳುವವರು, ಆಗುವ ಯೋಚನೆ ಇದ್ದರೂ ಅಷ್ಟೇ, ಅದರ ದಾರಿ ಕೋರ್ಟಿನ ಮೂಲಕ, ಮನೆಯವರ ಮೂಲಕ ಅಲ್ಲ. ಸಾಕ್ಷಿಗಳ ಮನೆಗೆ ಹೋಗಿ ‘ಸ್ವಲ್ಪ ನೋಡ್ಕೊಳ್ಳಿ’ ಅಂತ ಯಾರಾದರೂ ನಿಮ್ಮನ್ನು ಕಳಿಸಿದರೆ ಖಂಡಿತ ಹೋಗಬೇಡಿ, ನಿಮ್ಮ ಮೇಲೂ ಕೇಸಾದೀತು. ವಕೀಲರ ಫೀಸು ಕಟ್ಟಲು ಆಗುತ್ತಿಲ್ಲ ಅಂದರೆ ಚಿತ್ರದುರ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಉಚಿತ ವಕೀಲರು ಸಿಗುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100. ರಾತ್ರಿ ನಿದ್ದೆ ಬಾರದೆ ತಲೆ ಕೆಟ್ಟರೆ 14416, ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮುಂದಿನ ಸಲ ಹೋದಾಗ ಕೇಸಿನ ಮಾತು ಎತ್ತಬೇಡಿ. ಮಗನ ಮಾರ್ಕ್ಸ್ ಕಾರ್ಡಿನ ವಿಷಯ ಹೇಳಿ. ಅವರೇ ಕೇಸಿನ ಮಾತು ಶುರು ಮಾಡಿದರೆ, ‘ವಕೀಲರಿಗೆ ಹೇಳ್ರೀ’ ಅಂತ ಹೇಳಿ ಎದ್ದು ಬನ್ನಿ.